ರೂಪಾಯಿ ಡಾಕ್ಟರ್ ಮುಖ್ಯಮಂತ್ರಿಯಾದ ಬಗೆ: ವೈ.ಎಸ್. ರಾಜಶೇಖರ ರೆಡ್ಡಿಯವರ ಬದುಕಿನ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಮಂಡ್ಯ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಫಾರ್ಮಸಿಸ್ಟ್ ಆಗಿ ದುಡಿದು ನಿವೃತ್ತನಾದವನು. ಹಳ್ಳಿಯ ವೈದ್ಯರೊಬ್ಬರು ಶಾಸಕರಾದರೆ ಏನು ಬದಲಾಗುತ್ತದೆ ಎಂಬ ಮಾತು ಬಂದಾಗಲೆಲ್ಲ ನಾನು ಆಂಧ್ರಪ್ರದೇಶದ ರಾಜಶೇಖರ ರೆಡ್ಡಿಯವರ ಉದಾಹರಣೆ ಕೊಡುತ್ತೇನೆ. ಕೇಳಿದವರು ಮರುಪ್ರಶ್ನೆಗಳನ್ನು ಹಾಕುತ್ತಾರೆ. ಮಂಡ್ಯದ ವೈದ್ಯಕೀಯ ಮತ್ತು ನರ್ಸಿಂಗ್ ವಿದ್ಯಾರ್ಥಿಗಳು, ನಮ್ಮ ಕಡೆಯ ರೈತರು, ನನ್ನ ಹಳೆಯ ಸಹೋದ್ಯೋಗಿಗಳು ಕೇಳಿದ ಪ್ರಶ್ನೆಗಳನ್ನು ಒಂದೆಡೆ ಸೇರಿಸಿ ಇಲ್ಲಿ ಉತ್ತರಿಸಿದ್ದೇನೆ.

ರಾಜಶೇಖರ ರೆಡ್ಡಿಯವರು ಯಾರು? ಮಂಡ್ಯದವರಾದ ನಾವು ಅವರ ಬಗ್ಗೆ ಏಕೆ ತಿಳಿಯಬೇಕು?

ಯೆದುಗುರಿ ಸಂದಿಂಟಿ ರಾಜಶೇಖರ ರೆಡ್ಡಿಯವರು 1949ರ ಜುಲೈ 8ರಂದು ಕಡಪ ಜಿಲ್ಲೆಯ ಜಮ್ಮಲಮಡುಗುವಿನಲ್ಲಿ ಹುಟ್ಟಿದರು. ರಾಯಲಸೀಮೆಯ ಪುಲಿವೆಂದುಲ ಎಂಬ ಸಣ್ಣ ಊರಿನಲ್ಲಿ ವೈದ್ಯರಾಗಿದ್ದು, 1978ರಲ್ಲಿ ಅಲ್ಲಿಂದಲೇ ವಿಧಾನಸಭೆಗೆ ಆಯ್ಕೆಯಾಗಿ, 2004ರಿಂದ 2009ರಲ್ಲಿ ತೀರಿಕೊಳ್ಳುವವರೆಗೆ ಅವಿಭಜಿತ ಆಂಧ್ರಪ್ರದೇಶದ ಮುಖ್ಯಮಂತ್ರಿಯಾಗಿದ್ದರು. ಇಂದು ನಮ್ಮೂರಿನ ರಸ್ತೆಯಲ್ಲಿ ಅಪಘಾತವಾದರೆ ನಾವು 108ಕ್ಕೆ ಕರೆ ಮಾಡುತ್ತೇವೆ; ಬಿಪಿಎಲ್ ಕಾರ್ಡು ಹಿಡಿದು ಹೃದಯದ ಶಸ್ತ್ರಚಿಕಿತ್ಸೆಗೆ ಮೈಸೂರಿನ ಆಸ್ಪತ್ರೆಗೆ ಹೋಗುತ್ತೇವೆ. ಈ ಎರಡೂ ವ್ಯವಸ್ಥೆಗಳು ಕರ್ನಾಟಕಕ್ಕೆ ಬರುವ ಮೊದಲು ಅವರ ರಾಜ್ಯದಲ್ಲಿ ನಡೆದು ತೋರಿಸಿದ್ದವು. ಅವರ ಬದುಕು ನಮಗೂ ಸಂಬಂಧಿಸಿದ್ದು ಎಂದು ನಾನು ಹೇಳುವುದು ಈ ಕಾರಣಕ್ಕೆ.

ಅವರು ಕರ್ನಾಟಕದಲ್ಲಿ ಓದಿದವರು ಎನ್ನುವುದು ನಿಜವೇ?

ನಿಜ. ಶಾಲೆ ಓದಿದ್ದು ಬಳ್ಳಾರಿಯ ಸೇಂಟ್ ಜಾನ್ಸ್ ಪ್ರೌಢಶಾಲೆಯಲ್ಲಿ. ವಿಜಯವಾಡದ ಲೊಯೋಲ ಕಾಲೇಜಿನ ಬಳಿಕ ಎಂಬಿಬಿಎಸ್ ಮಾಡಿದ್ದು ಕಲಬುರಗಿಯ ಮಹಾದೇವಪ್ಪ ರಾಂಪುರೆ ವೈದ್ಯಕೀಯ ಕಾಲೇಜಿನಲ್ಲಿ. ವಿದ್ಯಾರ್ಥಿ ನಾಯಕತ್ವದ ರುಚಿ ಹತ್ತಿದ್ದೂ ಅಲ್ಲಿಯೇ. ಮುಂದೆ ತಿರುಪತಿಯ ಶ್ರೀ ವೆಂಕಟೇಶ್ವರ ವೈದ್ಯಕೀಯ ಕಾಲೇಜಿನಲ್ಲಿ ಹೌಸ್ ಸರ್ಜನ್ (ತರಬೇತಿಯಲ್ಲಿರುವ ವೈದ್ಯ) ಆಗಿದ್ದಾಗ ಹೌಸ್ ಸರ್ಜನ್‌ಗಳ ಸಂಘದ ಮುಂದಾಳುವಾದರು. ಬಡವರಿಗೆ ದೊಡ್ಡ ಕಾಯಿಲೆಗಳ ಚಿಕಿತ್ಸೆಯನ್ನು ಉಚಿತವಾಗಿ ಕೊಡುವ ಅವರ ‘ಆರೋಗ್ಯಶ್ರೀ’ ಯೋಜನೆಯ ಮಾದರಿಯನ್ನು ಕರ್ನಾಟಕವು ತನ್ನಲ್ಲಿ ಜಾರಿಗೆ ತಂದಾಗ ಮೊದಲು ಆರಿಸಿಕೊಂಡದ್ದು ಕಲಬುರಗಿ ವಿಭಾಗವನ್ನೇ. ಹಿಂದುಳಿದ ಪ್ರದೇಶವೆಂಬ ಕಾರಣಕ್ಕೆ ಆದ ಆಯ್ಕೆಯದು. ಆದರೂ ಅವರು ಸ್ಟೆತಸ್ಕೋಪ್ ಹಿಡಿಯಲು ಕಲಿತ ನೆಲಕ್ಕೇ ಆ ಯೋಜನೆ ಮೊದಲು ಬಂದಿತಲ್ಲ ಎಂದು ನೆನೆದಾಗ ನನಗೆ ಸಂತೋಷವಾಗುತ್ತದೆ.

‘ರೂಪಾಯಿ ಡಾಕ್ಟರ್’ ಎಂಬ ಹೆಸರು ಹೇಗೆ ಬಂತು?

ಓದು ಮುಗಿದ ಮೇಲೆ ಅವರು ಕೆಲಕಾಲ ಜಮ್ಮಲಮಡುಗುವಿನ ಮಿಷನ್ ಆಸ್ಪತ್ರೆಯಲ್ಲಿ ವೈದ್ಯಾಧಿಕಾರಿಯಾಗಿದ್ದರು. 1973ರಲ್ಲಿ ಪುಲಿವೆಂದುಲದಲ್ಲಿ ತಂದೆ ರಾಜಾ ರೆಡ್ಡಿಯವರ ಹೆಸರಿನಲ್ಲಿ 70 ಹಾಸಿಗೆಗಳ ಧರ್ಮಾಸ್ಪತ್ರೆಯನ್ನು ಕಟ್ಟಿದರು. ಅಲ್ಲಿ ರೋಗಿಗಳಿಂದ ಒಂದು ರೂಪಾಯಿಯನ್ನಷ್ಟೇ ಪಡೆಯುತ್ತಿದ್ದುದರಿಂದ ಜನ ಅವರನ್ನು ರೂಪಾಯಿ ಡಾಕ್ಟರ್ ಎಂದು ಕರೆದರು.

ಮಂಡ್ಯದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಐದು ರೂಪಾಯಿ ಡಾಕ್ಟರ್ ಎಂದೇ ನಾಡಿಗೆಲ್ಲ ಹೆಸರಾದ ಚರ್ಮರೋಗ ವೈದ್ಯರು ನಮ್ಮ ಊರಿನಲ್ಲೇ ಇದ್ದಾರೆ. ಇಂಥ ವೈದ್ಯರ ವಿಷಯದಲ್ಲಿ ಹೊರಗಿನವರು ಗಮನಿಸದೆ ಬಿಡುವ ಒಂದು ಸಂಗತಿಯಿದೆ. ಕಡಿಮೆ ಶುಲ್ಕ ಕೊಟ್ಟು ಬರುವ ರೋಗಿ ಬೇಗ ಬರುತ್ತಾನೆ, ಮತ್ತೆ ಬರುತ್ತಾನೆ, ಮನೆಯವರನ್ನೂ ಕರೆತರುತ್ತಾನೆ. ಹಾಗಾಗಿ ಹತ್ತು ವರ್ಷದಲ್ಲಿ ಆ ವೈದ್ಯರಿಗೆ ಸುತ್ತಲ ಊರುಗಳ ಒಕ್ಕಲುತನ, ಸಾಲ, ಜಗಳ, ಮದುವೆ, ಕುಡಿತ ಎಲ್ಲವೂ ತಿಳಿದಿರುತ್ತದೆ. ಚುನಾವಣೆಗೆ ನಿಂತ ವೈದ್ಯರಿಗೆ ಮತ ಬರುವುದು ಆ ಒಂದು ರೂಪಾಯಿಯ ಋಣಕ್ಕಾಗಿ ಮಾತ್ರವಲ್ಲ. ತಮ್ಮ ಮನೆಯ ಕಷ್ಟ ಅವರಿಗೆ ಗೊತ್ತಿದೆ ಎಂಬ ನಂಬಿಕೆಗೂ ಬರುತ್ತದೆ.

ಚೆನ್ನಾಗಿ ನಡೆಯುತ್ತಿದ್ದ ಆಸ್ಪತ್ರೆಯಿದ್ದರೂ ರಾಜಕೀಯಕ್ಕೆ ಏಕೆ ಹೋದರು?

ಆಸ್ಪತ್ರೆಯೊಂದೇ ಅವರನ್ನು ವಿಧಾನಸಭೆಗೆ ಕಳುಹಿಸಿತು ಎಂದರೆ ಅರ್ಧ ಸತ್ಯವಾಗುತ್ತದೆ. ತಂದೆ ರಾಜಾ ರೆಡ್ಡಿಯವರು ಪುಲಿವೆಂದುಲದ ಸುತ್ತ ಬಹಳ ಪ್ರಭಾವವಿದ್ದ ಗುತ್ತಿಗೆದಾರರಾಗಿದ್ದರು. ಮನೆಯಲ್ಲಿ ಹಣಬಲವಿತ್ತು, ಜನಬಲವಿತ್ತು, ಊರಿನ ವ್ಯವಹಾರಗಳಲ್ಲಿ ಮಾತು ನಡೆಯುತ್ತಿತ್ತು. ಬಡ ಕುಟುಂಬದಿಂದ ಬಂದ ಯುವ ವೈದ್ಯನಿಗೆ ಮೂವತ್ತು ತುಂಬುವ ಮೊದಲೇ ಶಾಸಕನಾಗುವುದು ಅಷ್ಟು ಸುಲಭವಲ್ಲ.

ಆದರೆ ಮನೆತನದ ಬಲವೊಂದೇ ಕಾರಣವೆಂದರೂ ತಪ್ಪಾಗುತ್ತದೆ. ರಾಯಲಸೀಮೆಯಲ್ಲಿ ಮಳೆ ಕಡಿಮೆ. ಬರ ಬಂದರೆ ಬೆಳೆ ಹೋಗುತ್ತದೆ, ಬೆಳೆ ಹೋದರೆ ಊಟ ಕಡಿಮೆಯಾಗುತ್ತದೆ, ಊಟ ಕಡಿಮೆಯಾದ ಮನೆಯವರು ಆಸ್ಪತ್ರೆಯ ಬಾಗಿಲಿಗೆ ಬರುತ್ತಾರೆ. ರಕ್ತಹೀನತೆಯಿರುವ ಬಸುರಿಗೆ ಕಬ್ಬಿಣದ ಮಾತ್ರೆ ಬರೆದುಕೊಡುವುದು ವೈದ್ಯರ ಕೈಯಲ್ಲಿದೆ. ಆಕೆಯ ಗಂಡನ ಹೊಲಕ್ಕೆ ನೀರು ತರುವುದು ಅವರ ಕೈಯಲ್ಲಿಲ್ಲ. ಮುಖ್ಯಮಂತ್ರಿಯಾದ ಮೇಲೆ ಅವರು ಆರೋಗ್ಯಕ್ಕಿಂತಲೂ ಹೆಚ್ಚು ಹಣವನ್ನು ನೀರಾವರಿಗೆ ಇಟ್ಟರು. ಇದನ್ನು ನೋಡಿದರೆ ಆಸ್ಪತ್ರೆಯಲ್ಲಿ ಕಂಡ ಕಾಯಿಲೆಗಳ ಬೇರು ಹೊಲದಲ್ಲಿದೆ ಎಂದು ಅವರು ತಿಳಿದಿದ್ದರೆಂದು ನನಗೆ ಅನ್ನಿಸುತ್ತದೆ.

ಅವರು ಚುನಾವಣೆಯಲ್ಲಿ ಎಂದಾದರೂ ಸೋತಿದ್ದರೇ?

ಇಲ್ಲ. ಪುಲಿವೆಂದುಲದಿಂದ 1978, 1983, 1985, 1999, 2004 ಮತ್ತು 2009ರಲ್ಲಿ ವಿಧಾನಸಭೆಗೆ, ಕಡಪದಿಂದ 1989, 1991, 1996 ಮತ್ತು 1998ರಲ್ಲಿ ಲೋಕಸಭೆಗೆ ಗೆದ್ದರು. 1980ರ ದಶಕದ ಆರಂಭದಲ್ಲಿ ಸಚಿವರಾಗಿ ಗ್ರಾಮೀಣಾಭಿವೃದ್ಧಿ, ಶಿಕ್ಷಣದಂಥ ಖಾತೆಗಳನ್ನು ನೋಡಿಕೊಂಡರು. ಎರಡು ಬಾರಿ ರಾಜ್ಯ ಕಾಂಗ್ರೆಸ್ ಅಧ್ಯಕ್ಷರಾದರು. ಮುಖ್ಯಮಂತ್ರಿ ಸ್ಥಾನಕ್ಕೆ ಮಾತ್ರ ಮೊದಲ ಗೆಲುವಿನಿಂದ 26 ವರ್ಷ ಕಾಯಬೇಕಾಯಿತು.

2003ರ ಪಾದಯಾತ್ರೆಯ ವಿಶೇಷವೇನು?

ಆಗ ಅವರು ವಿರೋಧ ಪಕ್ಷದ ನಾಯಕರು. ರಾಜ್ಯದಲ್ಲಿ ಬರವಿತ್ತು, ರೈತರ ಆತ್ಮಹತ್ಯೆಗಳು ನಡೆಯುತ್ತಿದ್ದವು. ಇತ್ತ ಹೈದರಾಬಾದು ಮಾಹಿತಿ ತಂತ್ರಜ್ಞಾನದ ನಗರವಾಗಿ ಜಗತ್ತಿನ ಗಮನ ಸೆಳೆಯುತ್ತಿತ್ತು. 2003ರ ಏಪ್ರಿಲ್ 9ರಂದು ಹೈದರಾಬಾದಿನ ಬಳಿಯ ಚೇವೆಳ್ಳದಿಂದ ನಡೆಯಲು ಆರಂಭಿಸಿ, ಸುಮಾರು 1,475 ಕಿಲೋಮೀಟರು ಕ್ರಮಿಸಿ, ಜೂನ್ 15ರಂದು ಒಡಿಶಾದ ಗಡಿಯಲ್ಲಿರುವ ಇಚ್ಛಾಪುರಂ ತಲುಪಿದರು. ಅದು ಕಡು ಬೇಸಿಗೆ. ರಾಜಮಂಡ್ರಿಯ ಹತ್ತಿರ ಕಾಯಿಲೆ ಬಿದ್ದು ಕೆಲವು ದಿನ ಮಲಗಿದರು. ಚೇತರಿಸಿಕೊಂಡು ಮತ್ತೆ ನಡೆದರು.

ಬಿಳಿ ಪಂಚೆ, ತಲೆಗೆ ಸುತ್ತಿದ ರುಮಾಲು, ದಾರಿಯಲ್ಲಿ ಸಿಕ್ಕ ಹೆಂಗಸರನ್ನು ಅಕ್ಕ, ತಂಗಿ ಎಂದೂ ಗಂಡಸರನ್ನು ಅಣ್ಣ, ತಮ್ಮ ಎಂದೂ ಕರೆದು ಹೇಳುವ ನಮಸ್ಕಾರ: ಅವರ ಈ ಚಿತ್ರ ಜನರ ಮನಸ್ಸಿನಲ್ಲಿ ಅಚ್ಚೊತ್ತಿತು. ಹೊರಗಿನಿಂದ ನೋಡಿದವರಿಗೆ ಅದು ಪ್ರಚಾರ ತಂತ್ರವಾಗಿ ಕಂಡಿರಬಹುದು. ನನಗೆ ಅದರಲ್ಲಿ ವೈದ್ಯರ ರೌಂಡ್ಸ್ ಕಾಣಿಸುತ್ತದೆ. ವಾರ್ಡಿನಲ್ಲಿ ಒಳ್ಳೆಯ ವೈದ್ಯರು ಕೇಸ್ ಶೀಟ್ ಓದಿ ಮುಂದೆ ಹೋಗುವುದಿಲ್ಲ. ಹಾಸಿಗೆಯ ಪಕ್ಕ ನಿಂತು, ನಿದ್ದೆ ಬಂತೇ, ಊಟ ಸೇರಿತೇ ಎಂದು ಕೇಳುತ್ತಾರೆ. ಅರುವತ್ತಕ್ಕೂ ಹೆಚ್ಚು ದಿನ ಹಳ್ಳಿಯಿಂದ ಹಳ್ಳಿಗೆ ನಡೆದವರಿಗೆ ಒಂದೇ ದೂರು ನೂರು ಬಾಯಿಂದ ಕೇಳಿಸುತ್ತದೆ. ಆ ದೂರುಗಳಲ್ಲಿ ಕರೆಂಟು ಬಿಲ್ಲು, ಸಾಲದ ಬಡ್ಡಿ ಮತ್ತು ಆಸ್ಪತ್ರೆಯ ಖರ್ಚು ಮುಂದಿದ್ದವು.

ಮುಖ್ಯಮಂತ್ರಿಯಾಗಿ ಹಾಕಿದ ಮೊದಲ ಸಹಿ ಯಾವುದಕ್ಕೆ?

2004ರ ಮೇ 14ರಂದು ಪ್ರಮಾಣವಚನ ಸ್ವೀಕರಿಸಿದ ವೇದಿಕೆಯಲ್ಲೇ ರೈತರ ಪಂಪ್‌ಸೆಟ್ಟುಗಳಿಗೆ ಉಚಿತ ವಿದ್ಯುತ್ ನೀಡುವ ಕಡತಕ್ಕೆ ಸಹಿ ಹಾಕಿದರು. ಹಳೆಯ ಬಾಕಿಯನ್ನೂ ಮನ್ನಾ ಮಾಡಿದರು. ಮುಂದೆ ಸ್ತ್ರೀಶಕ್ತಿ ಗುಂಪುಗಳ ಮಾದರಿಯ ಸ್ವಸಹಾಯ ಸಂಘಗಳಿಗೆ ನೂರಕ್ಕೆ ತಿಂಗಳಿಗೆ ನಾಲ್ಕಾಣೆಯ ಬಡ್ಡಿ, 2008ರಲ್ಲಿ ಕಿಲೋಗೆ 2 ರೂಪಾಯಿಯ ಅಕ್ಕಿ, ಬಡ ವಿದ್ಯಾರ್ಥಿಗಳ ಕಾಲೇಜು ಶುಲ್ಕದ ಮರುಪಾವತಿ ಬಂದವು.

108 ಆಂಬುಲೆನ್ಸ್ ಅವರ ಯೋಜನೆಯೇ?

ತುರ್ತು ಸೇವೆಗೆ ಒಂದೇ ಸಂಖ್ಯೆ, ಒಂದೇ ನಿಯಂತ್ರಣ ಕೊಠಡಿ, ವಾಹನದಲ್ಲಿ ತರಬೇತಿ ಪಡೆದ ತಂತ್ರಜ್ಞ: ಈ ರೂಪದಲ್ಲಿ ಅದು 2005ರ ಆಗಸ್ಟ್ 15ರಂದು ಹೈದರಾಬಾದಿನಲ್ಲಿ ಆರಂಭವಾಯಿತು. ಸೇವೆಯನ್ನು ಕಟ್ಟಿದ್ದು ಸತ್ಯಂ ಎಂಬ ಸಾಫ್ಟ್‌ವೇರ್ ಕಂಪನಿಯ ಸ್ಥಾಪಕರು ತುರ್ತು ಸೇವೆಗೆಂದೇ ಹುಟ್ಟುಹಾಕಿದ ಇಎಂಆರ್‌ಐ ಸಂಸ್ಥೆ. ಸರ್ಕಾರದ ಹಣದಿಂದ ರಾಜ್ಯದ ತುಂಬ ಹರಡಿದ್ದು ರಾಜಶೇಖರ ರೆಡ್ಡಿಯವರ ಆಡಳಿತ. 2009ರಲ್ಲಿ ಸತ್ಯಂ ಕಂಪನಿಯ ಲೆಕ್ಕಪತ್ರದ ಹಗರಣ ಹೊರಬಿದ್ದಾಗ ಇಎಂಆರ್‌ಐ ಜಿವಿಕೆ ಸಮೂಹದ ಕೈಗೆ ಹೋಯಿತು. ಆದರೂ ಆಂಬುಲೆನ್ಸುಗಳು ಓಡುತ್ತಲೇ ಇದ್ದವು. ಕರ್ನಾಟಕದಲ್ಲಿ ‘ಆರೋಗ್ಯ ಕವಚ’ ಎಂಬ ಹೆಸರಿನಲ್ಲಿ ಇದು 2008ರ ನವೆಂಬರ್ 1ರಂದು, ರಾಜ್ಯೋತ್ಸವದ ದಿನ ಆರಂಭವಾಯಿತು.

ಅದಕ್ಕೆ ಮೊದಲು ಹೇಗಿತ್ತು ಎಂಬುದನ್ನು ನಾನು ಕಂಡಿದ್ದೇನೆ. ಕಬ್ಬು ಕಡಿಯುವಾಗ ಕೊಳಕುಮಂಡಲ ಕಚ್ಚಿದವರನ್ನು ಎತ್ತಿನ ಗಾಡಿಯಲ್ಲಿ, ಟ್ರ್ಯಾಕ್ಟರಿನ ಟ್ರೈಲರಿನಲ್ಲಿ, ಆಲೆಮನೆಗೆ ಬಂದ ಲಗ್ಗೇಜ್ ಆಟೋದಲ್ಲಿ ಮಲಗಿಸಿಕೊಂಡು ತರುತ್ತಿದ್ದರು. ನಮ್ಮಲ್ಲಿ ಪ್ರತಿವಿಷದ ಚುಚ್ಚುಮದ್ದು ಮುಗಿದಿದ್ದರೆ ಮಂಡ್ಯಕ್ಕೆ, ಅಲ್ಲಿಂದ ಮೈಸೂರಿನ ಕೆ.ಆರ್. ಆಸ್ಪತ್ರೆಗೆ ಹೋಗಬೇಕಾಗುತ್ತಿತ್ತು. ರೋಗಿಗಿಂತ ಮೊದಲು ಬಾಡಿಗೆ ಕಾರಿನ ಚೌಕಾಸಿ ಮುಗಿಯಬೇಕಿತ್ತು. ಒಂದು ರಾತ್ರಿ ಹಾಗೆ ಬಂದ ಹೆಂಗಸೊಬ್ಬಳು ತನ್ನ ಕಿವಿಯ ಓಲೆಯನ್ನು ಬಿಚ್ಚಿ ಬಾಡಿಗೆ ಕಾರಿನವನ ಕೈಗೆ ಕೊಟ್ಟದ್ದನ್ನು ನಾನು ಔಷಧದ ಕಿಟಕಿಯಿಂದಲೇ ನೋಡಿದೆ. ಆಕೆಯ ಗಂಡ ಬದುಕಿದ. ಓಲೆ ಮರಳಿ ಬರಲಿಲ್ಲ ಎಂದು ಆಕೆಯೇ ಮುಂದೊಮ್ಮೆ ಹೇಳಿದಳು. ಬಡವರ ಮನೆಯಲ್ಲಿ ಕಾಯಿಲೆ ಬಂದಾಗ ಮೊದಲು ಕರಗುವುದು ಚಿನ್ನ, ಆಮೇಲೆ ಹಸು, ಕೊನೆಗೆ ಜಮೀನು. ಪುಲಿವೆಂದುಲದ ಆಸ್ಪತ್ರೆಯ ವೈದ್ಯರೂ ಇದನ್ನೇ ನೋಡಿರಬೇಕು.

ಆರೋಗ್ಯಶ್ರೀ ಯೋಜನೆ ಹೇಗೆ ಹುಟ್ಟಿತು, ಹೇಗೆ ನಡೆಯುತ್ತಿತ್ತು?

ಎಲ್ಲ ರಾಜ್ಯಗಳಲ್ಲೂ ಮುಖ್ಯಮಂತ್ರಿಗಳ ಪರಿಹಾರ ನಿಧಿಯಿರುತ್ತದೆ. ಹೃದಯ, ಮೂತ್ರಪಿಂಡ, ಕ್ಯಾನ್ಸರ್ ಎಂದು ದೊಡ್ಡ ಕಾಯಿಲೆ ಬಂದವರು ಅರ್ಜಿ ಹಿಡಿದು, ಶಾಸಕರ ಪತ್ರ ತಂದು, ಅಲೆದು, ಸಿಕ್ಕಷ್ಟನ್ನು ಪಡೆಯುತ್ತಾರೆ. ರಾಜಶೇಖರ ರೆಡ್ಡಿಯವರ ಮುಂದೆಯೂ ಇಂಥ ಅರ್ಜಿಗಳ ರಾಶಿ ಬೆಳೆಯಿತು. ಹುಟ್ಟಿನಿಂದಲೇ ಹೃದಯದ ತೊಂದರೆಯಿರುವ ಮಕ್ಕಳ ಶಸ್ತ್ರಚಿಕಿತ್ಸೆಗೆ ಮೊದಲು ನೆರವು ಕೊಟ್ಟರು. ಅರ್ಜಿ ಹಾಕಲು ತಿಳಿದವರಿಗೆ ಮಾತ್ರ ಚಿಕಿತ್ಸೆ ಸಿಗುವುದಾದರೆ ಮಿಕ್ಕವರ ಗತಿಯೇನು ಎಂಬ ಪ್ರಶ್ನೆಗೆ ಉತ್ತರವಾಗಿ 2007ರ ಏಪ್ರಿಲ್ 1ರಂದು ಮಹಬೂಬ್‌ನಗರ, ಅನಂತಪುರ ಮತ್ತು ಶ್ರೀಕಾಕುಳಂ ಎಂಬ ಮೂರು ಹಿಂದುಳಿದ ಜಿಲ್ಲೆಗಳಲ್ಲಿ ರಾಜೀವ್ ಆರೋಗ್ಯಶ್ರೀ ಆರಂಭವಾಯಿತು. ಒಂದೂವರೆ ವರ್ಷದೊಳಗೆ ಇಡೀ ರಾಜ್ಯಕ್ಕೆ ಹಬ್ಬಿತು.

ಬಿಳಿ ಪಡಿತರ ಚೀಟಿ (ನಮ್ಮ ಬಿಪಿಎಲ್ ಕಾರ್ಡಿನಂಥದು) ಇರುವ ಕುಟುಂಬಕ್ಕೆ ವರ್ಷಕ್ಕೆ 1.5 ಲಕ್ಷ ರೂಪಾಯಿ, ಅಗತ್ಯಬಿದ್ದರೆ ಮತ್ತೆ 50,000 ರೂಪಾಯಿಯವರೆಗಿನ ಚಿಕಿತ್ಸೆ ಉಚಿತ. ಹಣ ಕೊಟ್ಟು ಆಮೇಲೆ ವಾಪಸು ಕೇಳುವ ತಾಪತ್ರಯವಿಲ್ಲ. ಆಸ್ಪತ್ರೆ ಸರ್ಕಾರಿಯಾಗಲಿ ಖಾಸಗಿಯಾಗಲಿ ಪಟ್ಟಿಯಲ್ಲಿದ್ದರೆ ಸಾಕು. ಪ್ರತಿ ಶಸ್ತ್ರಚಿಕಿತ್ಸೆಗೂ ಮೊದಲೇ ದರ ಗೊತ್ತುಮಾಡಲಾಗಿತ್ತು ಮತ್ತು ಯೋಜನೆಯನ್ನು ನಡೆಸುವ ಸರ್ಕಾರಿ ಟ್ರಸ್ಟಿನ ವೈದ್ಯರು ಒಪ್ಪಿಗೆ ನೀಡಿದ ಮೇಲೆ ಚಿಕಿತ್ಸೆ ನಡೆಯುತ್ತಿತ್ತು. ನನಗೆ ಇದರಲ್ಲಿ ಬಹಳ ಮೆಚ್ಚುಗೆಯಾದ ಅಂಶ ‘ಆರೋಗ್ಯಮಿತ್ರ’ರ ನೇಮಕ. ದೊಡ್ಡ ಆಸ್ಪತ್ರೆಯ ಗಾಜಿನ ಬಾಗಿಲ ಮುಂದೆ ಪಡಿತರ ಚೀಟಿ ಹಿಡಿದು ನಿಂತ ಹಳ್ಳಿಯವರಿಗೆ ಕಾಯಿಲೆಯಷ್ಟೇ ಭಯ ಆ ಬಾಗಿಲಿನದೂ ಇರುತ್ತದೆ. ಒಳಗೆ ಹೆಸರು ಹಿಡಿದು ಕರೆದು, ಕಾಗದ ತುಂಬಿಸಿ, ವಾರ್ಡಿನವರೆಗೆ ಜೊತೆಗೆ ಬರುವ ಒಬ್ಬ ಮನುಷ್ಯ ಬೇಕು ಎಂಬುದು ಯೋಜನೆಯ ಕರಡು ಬರೆಯುವ ಅಧಿಕಾರಿಗೆ ಸುಲಭವಾಗಿ ಹೊಳೆಯುವುದಿಲ್ಲ. ಮನೆಗೆ ಮರಳುವ ಬಸ್ಸಿನ ಖರ್ಚನ್ನೂ ಚಿಕಿತ್ಸೆಯ ದರದೊಳಗೆ ಸೇರಿಸಿದ್ದರಲ್ಲಿಯೂ ಹಳ್ಳಿಯನ್ನು ಬಲ್ಲವರ ಕೈ ಕಾಣುತ್ತದೆ.

ನಮ್ಮ ಯಶಸ್ವಿನಿ ಅದಕ್ಕಿಂತ ಮೊದಲೇ ಇತ್ತಲ್ಲವೇ?

ಇತ್ತು, ಮತ್ತು ಅದರ ಬಗ್ಗೆ ನಾವು ಹೆಮ್ಮೆಪಡಬೇಕು. ಡಾ. ದೇವಿ ಶೆಟ್ಟಿಯವರ ಪ್ರೇರಣೆಯಿಂದ ಸಹಕಾರ ಇಲಾಖೆಯ ಮೂಲಕ ರೂಪುಗೊಂಡ ಯಶಸ್ವಿನಿ 2003ರಲ್ಲಿ ಜಾರಿಗೆ ಬಂತು. ಸಹಕಾರ ಸಂಘದ ಸದಸ್ಯರು ಆರಂಭದಲ್ಲಿ ತಿಂಗಳಿಗೆ 5 ರೂಪಾಯಿಯಂತೆ ವರ್ಷಕ್ಕೆ 60 ರೂಪಾಯಿ ಕೊಡುತ್ತಿದ್ದರು. ಹಾಲಿನ ಡೇರಿಯೂ ವ್ಯವಸಾಯ ಸೇವಾ ಸಹಕಾರ ಸಂಘವೂ ಊರೂರಿಗೆ ಇರುವ ಮಂಡ್ಯದಂಥ ಜಿಲ್ಲೆಗೆ ಅದು ಹೇಳಿ ಮಾಡಿಸಿದ ಯೋಜನೆ. ಆದರೆ ಸಂಘದಲ್ಲಿ ಷೇರು ಇಲ್ಲದ ಕೂಲಿಕಾರರು, ಭೂಹೀನರು ಅದರಿಂದ ಹೊರಗುಳಿದರು. ಆರೋಗ್ಯಶ್ರೀ ಪಡಿತರ ಚೀಟಿಯನ್ನೇ ಆಧಾರವಾಗಿಟ್ಟುಕೊಂಡದ್ದರಿಂದ ಅವರೂ ಒಳಗೆ ಬಂದರು. ಕರ್ನಾಟಕದಲ್ಲಿ 2010ರಲ್ಲಿ ಜಾರಿಯಾದ ವಾಜಪೇಯಿ ಆರೋಗ್ಯಶ್ರೀ ಈ ಎರಡನೆಯ ದಾರಿಯನ್ನು ಹಿಡಿಯಿತು. 2018ರಲ್ಲಿ ಇಂಥ ಯೋಜನೆಗಳು ಆರೋಗ್ಯ ಕರ್ನಾಟಕದಲ್ಲಿ ಸೇರಿಕೊಂಡವು. ಯಶಸ್ವಿನಿಯನ್ನು ಆಮೇಲೆ ಮತ್ತೆ ಪ್ರತ್ಯೇಕವಾಗಿ ಆರಂಭಿಸಲಾಯಿತು.

ವೈದ್ಯರಾಗಿದ್ದವರು ಆರೋಗ್ಯದ ವಿಷಯದಲ್ಲಿ ಎಡವಿದ್ದೆಲ್ಲಿ?

ಈ ಪ್ರಶ್ನೆಯನ್ನು ವಿದ್ಯಾರ್ಥಿಗಳು ಹೆಚ್ಚು ಕೇಳುತ್ತಾರೆ, ಕೇಳಲೇಬೇಕು. ಆರೋಗ್ಯಶ್ರೀಯ ಹಣದ ದೊಡ್ಡ ಪಾಲು ನಗರಗಳ ಖಾಸಗಿ ಆಸ್ಪತ್ರೆಗಳಿಗೆ ಹೋಯಿತು. ಅಗತ್ಯವಿಲ್ಲದ ಗರ್ಭಕೋಶದ ಶಸ್ತ್ರಚಿಕಿತ್ಸೆಗಳು ನಡೆಯುತ್ತಿವೆ ಎಂಬ ದೂರುಗಳು ಬಂದವು. ಅವರ ಕಾಲಾನಂತರ ಕೆಲವು ಚಿಕಿತ್ಸೆಗಳನ್ನು ಸರ್ಕಾರಿ ಆಸ್ಪತ್ರೆಗಳಿಗೆ ಮೀಸಲಿಡಬೇಕಾಯಿತು. ಜ್ವರ, ಕ್ಷಯ, ಸಕ್ಕರೆ ಕಾಯಿಲೆ, ರಕ್ತದೊತ್ತಡ ಮುಂತಾದ ದಿನನಿತ್ಯದ ಕಾಯಿಲೆಗಳಿಗೆ ಈ ಯೋಜನೆಯಲ್ಲಿ ಜಾಗವಿರಲಿಲ್ಲ. ರಕ್ತದೊತ್ತಡದ ಮಾತ್ರೆಯನ್ನು ತಿಂಗಳು ತಿಂಗಳು ತಪ್ಪದೆ ಕೊಟ್ಟಿದ್ದರೆ ತಪ್ಪುತ್ತಿದ್ದ ಪಾರ್ಶ್ವವಾಯುವಿಗೆ ಆಮೇಲೆ ಲಕ್ಷ ರೂಪಾಯಿ ಖರ್ಚುಮಾಡಿದಂತಾಗುತ್ತದೆ. ಮೂವತ್ತು ಸಾವಿರ ಜನರಿಗೆ ಒಂದರಂತೆ ಇರಬೇಕಾದ ಪ್ರಾಥಮಿಕ ಆರೋಗ್ಯ ಕೇಂದ್ರದ ಕಿಟಕಿಯಲ್ಲಿ ಕುಳಿತು, ಮಾತ್ರೆ ಮುಗಿದಿದೆ, ಮುಂದಿನ ವಾರ ಬನ್ನಿ ಎಂದು ಹೇಳಿ ಕಳುಹಿಸಿದ ನೋವು ನನಗಿದೆ. ಹಾಗಾಗಿ ಈ ಟೀಕೆ ನನಗೆ ನ್ಯಾಯವೆಂದೇ ತೋರುತ್ತದೆ.

ಕೊರತೆಯನ್ನು ಅವರು ಕಾಣಲಿಲ್ಲವೆಂದಲ್ಲ. ಆರೋಗ್ಯ ಕೇಂದ್ರದಿಂದ ದೂರವಿರುವ ಹಳ್ಳಿಗಳಿಗೆ ತಿಂಗಳಿಗೊಮ್ಮೆ ಗೊತ್ತಾದ ದಿನ ಬಂದು ಬಸುರಿಯರನ್ನೂ ಸಕ್ಕರೆ, ರಕ್ತದೊತ್ತಡವಿರುವವರನ್ನೂ ಪರೀಕ್ಷಿಸಿ ಔಷಧಿ ಕೊಡುವ 104 ಸಂಚಾರಿ ವಾಹನಗಳು ಅವರ ಕಾಲದಲ್ಲೇ ಆರಂಭವಾದವು. ಆದರೆ ವ್ಯಾನು ಬಂದು ಹೋಗುತ್ತದೆ; ಊರಿನಲ್ಲಿ ಉಳಿಯುವ ವೈದ್ಯರು, ನರ್ಸು, ತುಂಬಿದ ಔಷಧ ಕಪಾಟು ಬೇಕು. ಪುಲಿವೆಂದುಲದಲ್ಲಿ ಅವರೇ ಕಟ್ಟಿದ ಆಸ್ಪತ್ರೆಯ ಬಲ ಇದ್ದದ್ದು ವೈದ್ಯರು ಅಲ್ಲೇ ಇರುತ್ತಾರೆ ಎಂಬ ಭರವಸೆಯಲ್ಲಿ. ಅದನ್ನು ಇಡೀ ರಾಜ್ಯಕ್ಕೆ ಕೊಡಲು ಅವರಿಂದ ಆಗಲಿಲ್ಲ.

ರಾಯಲಸೀಮೆಯ ದ್ವೇಷ ರಾಜಕಾರಣ, ಭ್ರಷ್ಟಾಚಾರದ ಆರೋಪಗಳ ಬಗ್ಗೆ ಏನು ಹೇಳುತ್ತೀರಿ?

ಮುಚ್ಚಿಡುವುದು ಸರಿಯಲ್ಲ. ಕಡಪದ ಕಡೆ ಊರುಗಳು ಗುಂಪುಗಳಾಗಿ ಒಡೆದು ತಲೆಮಾರುಗಳ ಕಾಲ ರಕ್ತ ಹರಿಸಿದ ಚರಿತ್ರೆಯಿದೆ. ಅವರ ತಂದೆ ರಾಜಾ ರೆಡ್ಡಿಯವರನ್ನು 1998ರಲ್ಲಿ ವಿರೋಧಿಗಳು ಕೊಂದರು. ಆ ಕುಟುಂಬ ಆ ರಾಜಕಾರಣದ ಹೊರಗಿತ್ತೆಂದು ಯಾರೂ ಹೇಳಲಾರರು. ನೀರಾವರಿಗಾಗಿ ಕೈಗೊಂಡ ಬೃಹತ್ ‘ಜಲಯಜ್ಞಂ’ ಕಾರ್ಯಕ್ರಮದ ಯೋಜನೆ ಮತ್ತು ಗುತ್ತಿಗೆಗಳಲ್ಲಿದ್ದ ಲೋಪಗಳನ್ನು ಮಹಾಲೇಖಪಾಲರ (ಸಿಎಜಿ) ವರದಿ ಎತ್ತಿ ತೋರಿಸಿತು. ಅವರ ಆಡಳಿತದ ನಿರ್ಧಾರಗಳ ಬಗ್ಗೆ ಅವರ ಮರಣಾನಂತರ ಸಿಬಿಐ ತನಿಖೆಗಳೂ ನಡೆದವು. ಅವರ ಯೋಜನೆಗಳಿಂದಾಗಿ ಓಲೆ ಮಾರದೆ ಗಂಡನನ್ನು ಉಳಿಸಿಕೊಂಡ ಹೆಂಗಸರ ಕೃತಜ್ಞತೆಯೂ ನಿಜ, ಈ ಪ್ರಶ್ನೆಗಳೂ ನಿಜ. ಒಂದನ್ನು ಹೇಳಿ ಇನ್ನೊಂದನ್ನು ಬಿಟ್ಟರೆ ಅದು ಅವರ ಬದುಕಿನ ಚಿತ್ರವಾಗುವುದಿಲ್ಲ.

ಅವರ ಸಾವು ಹೇಗಾಯಿತು?

2009ರ ಮೇ ತಿಂಗಳಲ್ಲಿ ಎರಡನೆಯ ಬಾರಿಗೆ ಮುಖ್ಯಮಂತ್ರಿಯಾದರು. ಜನರ ಅಹವಾಲನ್ನು ಊರಲ್ಲೇ ಕೇಳುವ ‘ರಚ್ಚಬಂಡ’ ಕಾರ್ಯಕ್ರಮಕ್ಕೆಂದು ಸೆಪ್ಟೆಂಬರ್ 2ರ ಬೆಳಿಗ್ಗೆ ಹೈದರಾಬಾದಿನಿಂದ ಚಿತ್ತೂರು ಜಿಲ್ಲೆಗೆ ಹೆಲಿಕಾಪ್ಟರಿನಲ್ಲಿ ಹೊರಟರು. ರಚ್ಚಬಂಡ ಎಂದರೆ ಊರವರು ಕೂತು ಮಾತಾಡುವ ಕಟ್ಟೆ, ನಮ್ಮ ಅರಳಿಕಟ್ಟೆಯಂತೆ. ಕೆಟ್ಟ ಹವೆಯಲ್ಲಿ ನಲ್ಲಮಲ ಕಾಡಿನ ಮೇಲೆ ಸಂಪರ್ಕ ಕಡಿಯಿತು. ಮರುದಿನ ಬೆಳಿಗ್ಗೆ ಪಾವುರಾಲ ಗುಟ್ಟದ ಮೇಲೆ ಅವಶೇಷಗಳು ಸಿಕ್ಕವು. ಒಳಗಿದ್ದ ಐವರೂ ಮೃತರಾಗಿದ್ದರು. ಅವರಿಗೆ ಆಗ 60 ವರ್ಷ.

ಕರ್ನಾಟಕದಲ್ಲಿ ಇಂಥ ವೈದ್ಯ ರಾಜಕಾರಣಿಗಳಿಲ್ಲವೇ? ಸರ್ಕಾರಿ ವೈದ್ಯರು ಚುನಾವಣೆಗೆ ನಿಲ್ಲಬಹುದೇ?

ಇದ್ದಾರೆ. ತಿ. ನರಸೀಪುರದ ಡಾ. ಎಚ್.ಸಿ. ಮಹದೇವಪ್ಪನವರು ಹಲವು ಬಾರಿ ಶಾಸಕರೂ ಸಚಿವರೂ ಆದವರು. ಮೈಸೂರು ವೈದ್ಯಕೀಯ ಕಾಲೇಜಿನಲ್ಲಿ ಓದಿ ಜಯದೇವ ಹೃದ್ರೋಗ ಸಂಸ್ಥೆಯನ್ನು ಬೆಳೆಸಿದ ಡಾ. ಸಿ.ಎನ್. ಮಂಜುನಾಥ್ ಅವರು 2024ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಲೋಕಸಭೆಗೆ ಗೆದ್ದರು. ಆದರೆ ನಮ್ಮ ರಾಜ್ಯಕ್ಕೆ ಇದುವರೆಗೆ ವೈದ್ಯರೊಬ್ಬರು ಮುಖ್ಯಮಂತ್ರಿಯಾಗಿಲ್ಲ.

ಸರ್ಕಾರಿ ಸೇವೆಯಲ್ಲಿರುವವರು ರಾಜೀನಾಮೆ ಕೊಟ್ಟು, ಅದು ಅಂಗೀಕಾರವಾದ ಮೇಲೆಯೇ ನಾಮಪತ್ರ ಸಲ್ಲಿಸಬೇಕು. ವಿಧಾನಸಭೆಗೆ 25 ವರ್ಷ ತುಂಬಿರಬೇಕು. ಸ್ವಂತ ಕ್ಲಿನಿಕ್ ನಡೆಸುವವರಿಗೆ ಅಂಥ ತೊಡಕಿಲ್ಲ.

ಅವರ ಊರನ್ನು ನೋಡಬೇಕಾದರೆ ಮಂಡ್ಯದಿಂದ ಹೇಗೆ ಹೋಗುವುದು?

ಬೆಂಗಳೂರಿನಿಂದ ಚಿಕ್ಕಬಳ್ಳಾಪುರ, ಬಾಗೇಪಲ್ಲಿ, ಕದಿರಿಯ ಮೇಲೆ ಪುಲಿವೆಂದುಲ ಸೇರಬಹುದು. ಅವರ ಸಮಾಧಿಯಿರುವುದು ಅಲ್ಲಿಂದ ಮುಂದೆ ವೇಂಪಲ್ಲಿಯ ಬಳಿಯ ಇಡುಪುಲಪಾಯದಲ್ಲಿ. ಅವರ ಕಾಲದಲ್ಲಿ ಗ್ರಾಮೀಣ ಮಕ್ಕಳಿಗಾಗಿ ಆರಂಭವಾದ ತಾಂತ್ರಿಕ ವಿಶ್ವವಿದ್ಯಾಲಯದ ಆವರಣವೂ ಅಲ್ಲೇ ಇದೆ. ಕಡಪದ ಬಿಸಿಲು ಕಠಿಣವಾದ್ದರಿಂದ ನವೆಂಬರ್‌ನಿಂದ ಫೆಬ್ರುವರಿಯೊಳಗೆ ಹೋಗುವುದು ಲೇಸು. ವಯಸ್ಸಾದವರನ್ನು ಕರೆದೊಯ್ಯುವುದಾದರೆ ಅವರ ಮಾತ್ರೆಗಳನ್ನು ಎರಡು ದಿನಕ್ಕೆ ಹೆಚ್ಚಾಗಿಯೇ ಕಟ್ಟಿಕೊಳ್ಳಿ.